ಸರಾಸರಿ ಇಪ್ಪತ್ತೈದು

ಕನ್ನಡಕದ ಅಂಗಡಿಯವನಿಗೆ ಐವತ್ತು ದಾಟಿದ ಮೇಲೆ ಹೊಟ್ಟೆ ಬಂತು. ಹೊಟ್ಟೆಯ ಹಿಂದೆ ವೈದ್ಯರ ಉಪದೇಶ ಬಂತು, ಉಪದೇಶದ ಹಿಂದೆ ಸೈಕಲ್ಲು ಬಂತು, ಸೈಕಲ್ಲಿನ ಹಿಂದೆ ಮೀಟರು ಬಂತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಕಪ್ಪು ಡಬ್ಬಿಯೇ ಮುಂದಿನ ಫಜೀತಿಗೆಲ್ಲ ಮೂಲ.

ಅವನ ಹೆಂಡತಿಯನ್ನು ತವರಿನವರು ಪುಟ್ಟಿ ಎಂದು ಕರೆಯುತ್ತಿದ್ದರು. ನಲವತ್ತೆಂಟಾಗಿದ್ದರೂ, ಕಿವಿಯ ಹಿಂದೆ ಬೆಳ್ಳಿ ಎಳೆಗಳು ಇಣುಕುತ್ತಿದ್ದರೂ, ಕೊನೆಯ ಮಗಳಾಗಿ ಹುಟ್ಟಿದ ತಪ್ಪಿಗೆ ಅವಳು ಪುಟ್ಟಿಯಾಗಿಯೇ ಉಳಿದಿದ್ದಳು. ಅವಳದು ಹಲ್ಲು ಮಾಡುವ ಕೆಲಸ. ಔಷಧಿ ಅಂಗಡಿಯ ಹಿಂಭಾಗದ ಎರಡು ಕೋಣೆಗಳಲ್ಲಿ ಕೂತು, ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲನ್ನು ನೆಟ್ಟು ಕಟ್ಟುಹಲ್ಲಿನ ಸೆಟ್ಟು ಸಿದ್ಧ ಮಾಡುತ್ತಿದ್ದಳು. ಎದುರಿಗಿದ್ದವರು ನಕ್ಕರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಹಲ್ಲಿನ ಸಾಲಿಗೆ, ನಗು ಆಮೇಲೆ. ಕೆಲಸಕ್ಕೆ ಅವಳು ವರ್ಷಗಳಿಂದ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದಳು. ಮುಂದೆ ತಂತಿಯ ಬುಟ್ಟಿ, ಹಿಂದೆ ಕ್ಯಾರಿಯರ್, ನಡುವೆ ಅವಳು. ಇದನ್ನು ಯಾರೂ ವ್ಯಾಯಾಮ ಎಂದಾಗಲೀ ಹವ್ಯಾಸ ಎಂದಾಗಲೀ ಕರೆದಿರಲಿಲ್ಲ. ಅವಳೂ ಕರೆದಿರಲಿಲ್ಲ.

ಗಂಡ ಸೈಕಲ್ಲು ಕೊಂಡ ಸುದ್ದಿ ಅಕ್ಕನ ಮನೆಗೆ ಮುಟ್ಟಲು ತಡವಾಗಲಿಲ್ಲ. ಅಕ್ಕನ ಗಂಡ, ಅಂದರೆ ಪುಟ್ಟಿಯ ಭಾವ, ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಕಾರು ಕಲಿಸುವ ಗಾಡಿಯಲ್ಲಿ ಗುರುವಿನ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಭಾವನಿಗೆ ಊಟದ ಮೇಜಿನ ಕೆಳಗೂ ಅಂಥದ್ದೊಂದು ಇದ್ದಂತಿತ್ತು. ಯಾರಾದರೂ ಮಾತು ಶುರು ಮಾಡಿ ಸ್ವಲ್ಪ ವೇಗ ಹಿಡಿದರೆ ಸಾಕು, ಒತ್ತಿಬಿಡುತ್ತಿದ್ದ. ಷಡ್ಡಕನ ಮಾತಿಗಂತೂ ಅವನ ಕಾಲು ಬ್ರೇಕಿನ ಮೇಲೇ ಇರುತ್ತಿತ್ತು. ಭಾವನೂ ಸೈಕಲ್ ಹೊಡೆಯುವವನೇ. ಭಾನುವಾರದ ಸೈಕಲ್ ಬಳಗದಲ್ಲಿ ಹಳೇ ಸದಸ್ಯ. ಒಂದು ದಿನ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವನು ತನ್ನ ಸರಾಸರಿ ಗಂಟೆಗೆ ಇಪ್ಪತ್ತೊಂದು ಕಿಲೋಮೀಟರ್ ಎಂದು ಹೇಳಿ, ಷಡ್ಡಕನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಮುಂದುವರಿಸಿದ.

"ಖುಷಿಗೆ ಅಂತ ಹೊಡೆಯೋರೆಲ್ಲ ಹದಿನಾರು ಹದಿನೆಂಟರ ಒಳಗೇ ಇರ್ತಾರೆ. ನಿಮಗೆ ಹದಿನೈದು ಬಂದ್ರೂ ದೊಡ್ಡದೇ. ಬೇಜಾರು ಮಾಡ್ಕೋಬೇಡಿ."

ಕನ್ನಡಕದವನು ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನವೇ ಹೋಗಿ ಮೀಟರು ತಂದ.

ಈ ಮೀಟರಿಗೆ ಗಾಲಿಯ ಸುತ್ತಳತೆ ಎಷ್ಟೆಂದು ಮೊದಲು ಹೇಳಿಕೊಡಬೇಕು. ಗಾಲಿ ಒಂದು ಸುತ್ತು ಸುತ್ತಿದರೆ ಎಷ್ಟು ದೂರ ಹೋದಂತಾಯಿತು ಎಂಬ ಲೆಕ್ಕದ ಮೇಲೆ ಅದು ವೇಗ ತೋರಿಸುತ್ತದೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಯಾವ ಗಾಲಿಗೆ ಯಾವ ಅಂಕಿ ಎಂಬ ಪಟ್ಟಿ ಇತ್ತು, ಅಕ್ಷರ ಸಾಸಿವೆಗಿಂತ ಸಣ್ಣ. ಕನ್ನಡಕದವನು ಅಂಗಡಿಗೆ ಬಂದ ನಲವತ್ತು ದಾಟಿದವರಿಗೆಲ್ಲ, ಹತ್ತಿರದ್ದು ಮಂಜಾಗುವುದು ಸಹಜ, ಇದರಲ್ಲಿ ನಾಚಿಕೆ ಯಾಕೆ ಎಂದು ಸಮಾಧಾನ ಹೇಳಿ ಓದುವ ಕನ್ನಡಕ ಮಾರುತ್ತಿದ್ದ. ತಾನು ಮಾತ್ರ ಪೇಪರನ್ನು ತೋಳಷ್ಟು ದೂರ ಹಿಡಿದು, ತಲೆಯನ್ನೂ ಹಿಂದಕ್ಕೆ ವಾಲಿಸಿ ಓದುತ್ತಿದ್ದ. ಕೈ ಇನ್ನೊಂದು ಗೇಣು ಉದ್ದವಿದ್ದಿದ್ದರೆ ಅವನಿಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಮೀಟರನ್ನೂ ಹಾಗೆಯೇ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ತೋಳು ಚಾಚಿಕೊಂಡು ಸರಿಮಾಡಿದ.

ಮರುದಿನ ಬೆಳಿಗ್ಗೆ ಸೈಕಲ್ಲಿನ ಮೇಲೆ ಒಂದು ಸುತ್ತು ಹೋಗಿ ಬಂದವನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಶೂ ಬಿಚ್ಚುವುದನ್ನೇ ಮರೆತ. ಪುಟ್ಟಿ ಒಲೆಯ ಮುಂದಿನಿಂದ ಬಂದು ಏನಾಯಿತೆಂದು ಕೇಳಿದಳು.

"ಇಪ್ಪತ್ತೈದು," ಎಂದ ಅವನು.

ಅದು ಯಾವುದರ ಬೆಲೆಯೋ ಎಂದುಕೊಂಡಳು. ಸರಾಸರಿ ಎಂದು ತಿಳಿದ ಮೇಲೂ ಅವಳಿಗೆ ದೊಡ್ಡದಾಗಿ ಏನೂ ಅನ್ನಿಸಲಿಲ್ಲ. ಅವನಿಗೆ ಮಾತ್ರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ತಾನು ಜೋರಾಗಿ ತುಳಿಯಲೂ ಇಲ್ಲ, ಅರ್ಧ ದಾರಿ ಅಂಗಡಿಯ ವಿಷಯವನ್ನೇ ಯೋಚಿಸುತ್ತಿದ್ದೆ, ಸುಮ್ಮನೆ ಹೋದದ್ದಕ್ಕೇ ಇಷ್ಟು ಬಂತು ಎಂದು ಮತ್ತೆ ಮತ್ತೆ ಹೇಳಿದ. ಅದರಲ್ಲಿ ಸುಳ್ಳು ಒಂದು ಚೂರೂ ಇರಲಿಲ್ಲ.

ಆಮೇಲಿನ ವಾರಗಳಲ್ಲಿ ಆ ಅಂಕಿ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಓಡಾಡಿಕೊಂಡಿತ್ತು. ಗಂಡನ ಬೆನ್ನು ನೆಟ್ಟಗಾಯಿತು. ತರಕಾರಿ ಚೀಲವನ್ನು ಕೇಳದೆಯೇ ಎತ್ತಿಕೊಳ್ಳತೊಡಗಿದ. ಮೇಲಿನ ಮಹಡಿಯವರು ಕುರ್ಚಿ ಎಳೆಯುವ ಸದ್ದಿಗೆ ದಿನಾ ಬೆಳಿಗ್ಗೆ ಸಿಡುಕುತ್ತಿದ್ದವನು ಈಗ, ಪಾಪ, ಅವರೂ ಕೂರಬೇಡವೇ ಎನ್ನುತ್ತಿದ್ದ. ಒಂದೇ ಫ್ರೇಮನ್ನು ಹತ್ತು ಸಲ ಹಾಕಿ ತೆಗೆಯುವ ಗಿರಾಕಿಗಳನ್ನೂ ತಾಳ್ಮೆಯಿಂದ ಮಾತಾಡಿಸುತ್ತಿದ್ದ. ಊರ ಹೊರಗಿನ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲಿನ ಪ್ರಕಾರ ಹತ್ತು ಆಗುವ ಕಡೆ ಮೀಟರು ಹದಿನೈದರ ಹತ್ತಿರ ತೋರಿಸಿದಾಗ, ಕಲ್ಲು ನೆಟ್ಟವರು ಅಳತೆಯಲ್ಲಿ ತಪ್ಪಿರಬೇಕು ಎಂದು ಅವರನ್ನೂ ದೊಡ್ಡ ಮನಸ್ಸಿನಿಂದ ಕ್ಷಮಿಸಿದ.

ಅಕ್ಕನ ಮನೆಯ ಮುಂದಿನ ಊಟದ ದಿನ ಅವನು ಏನೂ ಆತುರಪಡಲಿಲ್ಲ. ಸೂಪು ಮುಗಿಯುವ ತನಕ ಕಾದು, ಭಾವನೇ ಕೇಳಿದ ಮೇಲೆ, ಉಪ್ಪಿನ ಡಬ್ಬಿ ಈ ಕಡೆ ಕೊಡಿ ಅನ್ನುವ ದನಿಯಲ್ಲಿ ಅಂಕಿ ಹೇಳಿದ. ಭಾವನ ಚಮಚ ಅರ್ಧದಲ್ಲಿ ನಿಂತಿತು. ಮೇಜಿನ ಕೆಳಗಿನ ಬ್ರೇಕು ಅವತ್ತು ಕೆಲಸ ಮಾಡಲಿಲ್ಲ. ಹೋಗುವಾಗ ಗೇಟಿನ ತನಕ ಬಂದವನು ಷಡ್ಡಕನ ಸೈಕಲ್ಲನ್ನು ಸುತ್ತುಹಾಕಿ ನೋಡಿದ. ಪುಟ್ಟಿಗೆ ಇಷ್ಟು ವರ್ಷಕ್ಕೆ ಮೊದಲ ಸಲ ಅಕ್ಕನ ಮನೆಯಿಂದ ತಲೆನೋವಿಲ್ಲದೆ ಹೊರಟಂತಾಯಿತು.

ಮೀಟರಿನೊಳಗೆ ಒಂದು ಗಡಿಯಾರವೂ ಇತ್ತು. ಅದು ಹಿಂದೆ ಬಿದ್ದಿದೆ, ಸರಿಮಾಡಿಕೊಡು, ಆ ಪುಸ್ತಿಕೆ ಅಚ್ಚುಮಾಡಿದವನಿಗೆ ಬುದ್ಧಿಯಿಲ್ಲ ಎಂದು ಗಂಡ ಡಬ್ಬಿಯನ್ನೂ ಪುಸ್ತಿಕೆಯನ್ನೂ ಅವಳ ಬುಟ್ಟಿಗೆ ಹಾಕಿದ. ಪುಟ್ಟಿ ಅದನ್ನು ಕೆಲಸದ ಮೇಜಿನ ದೀಪದ ಕೆಳಗಿಟ್ಟು, ಹಲ್ಲು ನೋಡುವ ಭೂತಗನ್ನಡಿಯಲ್ಲಿ ಪುಟ ತಿರುವಿದಳು. ಗಡಿಯಾರಕ್ಕೆ ಹೋಗಬೇಕಾದರೆ ಮೊದಲು ಗಾಲಿಯ ಅಂಕಿಯನ್ನು ದಾಟಿಕೊಂಡು ಹೋಗಬೇಕಿತ್ತು. ಡಬ್ಬಿಯಲ್ಲಿ ಮೂರು ಸಾವಿರದ ನೂರ ಐದು ಮಿಲಿಮೀಟರ್ ಎಂದಿತ್ತು. ಪುಸ್ತಿಕೆಯಲ್ಲಿ ಅವನ ಗಾಲಿಯ ಎದುರಿಗೆ ಎರಡು ಸಾವಿರದ ನೂರ ಐದು ಎಂದಿತ್ತು. ಮೂರು ಸಾವಿರದ ಗಾಲಿ ಇಡೀ ಪಟ್ಟಿಯಲ್ಲೇ ಇರಲಿಲ್ಲ. ಅಷ್ಟು ದೊಡ್ಡ ಗಾಲಿ ಬೇಕಾದರೆ ಟ್ರ್ಯಾಕ್ಟರಿನವರನ್ನು ಕೇಳಬೇಕು. ಎರಡನ್ನು ಮೂರೆಂದು ಓದಿದ್ದಕ್ಕೆ ಗಂಡನ ಕಾಲಿಗೆ ಅರ್ಧದಷ್ಟು ಹೆಚ್ಚಿನ ಬಲ ಬಂದುಬಿಟ್ಟಿತ್ತು. ಲೆಕ್ಕ ಹಾಕಿ ನೋಡಿದಳು: ಇಪ್ಪತ್ತೈದು ಅಂದರೆ ಹದಿನೇಳು.

ಅವಳು ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಡಿಯಾರವನ್ನಷ್ಟೇ ಸರಿಮಾಡಿದಳು. ಗಾಲಿಯ ಅಂಕಿಯನ್ನು ಅವನೇ ಸರಿಮಾಡಿಕೊಳ್ಳಲಿ, ಸಂಜೆ ಮೆಲ್ಲಗೆ ಹೇಳೋಣ ಎಂದುಕೊಂಡಳು.

ಸಂಜೆ ಅವಳು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ. ಅಂಗಡಿಯಲ್ಲಿ ಕೂತು ಒಂದು ವಿಷಯ ಯೋಚಿಸಿದನಂತೆ. ಹೋದ ಭಾನುವಾರ ಇಬ್ಬರೂ ಜೊತೆಯಾಗಿ ಹೋದರಲ್ಲ, ಅವಳು ದಾರಿಯುದ್ದಕ್ಕೂ ಯಾರಿಗೋ ಮಾಡಿದ ಸೆಟ್ಟಿನ ಮುಂದಿನ ಹಲ್ಲು ದೊಡ್ಡದಾದ ಕಥೆ ಹೇಳುತ್ತ ಬಂದಳಲ್ಲ.

"ನಾನು ಇಪ್ಪತ್ತೈದರಲ್ಲಿ ಹೋಗ್ತಾ ಇದ್ದೆ. ನೀನು ಪಕ್ಕದಲ್ಲೇ ಮಾತಾಡ್ತಾ ಬಂದೆ. ಅದೂ ಬುಟ್ಟಿ ಇರೋ ಸೈಕಲ್ಲಲ್ಲಿ. ಒಂದು ಸಲಾನೂ ಏದುಸಿರು ಬಿಡಲಿಲ್ಲ. ಅಂದ್ರೆ ನೀನು ಏನು ಅಂತ ನಿನಗೆ ಗೊತ್ತಿದೆಯೇನೇ?"

ಅವನು ಅವಳನ್ನು ನೋಡುತ್ತಿದ್ದ ರೀತಿ ಬೇರೆಯೇ ಇತ್ತು. ಮದುವೆಯಾದ ಹೊಸದರಲ್ಲೂ ಅವನು ಹಾಗೆ ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಆಗ ನೋಡುತ್ತಿದ್ದುದು ಚೆಂದಕ್ಕೆ, ಇದು ಗೌರವಕ್ಕೆ. ಇಷ್ಟು ವರ್ಷ ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ. ನಾಲಿಗೆಯ ತುದಿಗೆ ಬಂದ ಮಾತನ್ನು ಪುಟ್ಟಿ ನುಂಗಿಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಹೇಳದೆ ಬಿಟ್ಟ ಮಾತು ಸುಮ್ಮನೆ ಕೂರುವುದಿಲ್ಲ, ದಿನದಿನಕ್ಕೂ ಭಾರವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ನಾಳೆ ಎನ್ನುವುದು ಬಲು ಸಲೀಸಾದ ಮಾತು.

ನಾಳೆ ಬರುವುದರೊಳಗೆ ಅವನು ಅದನ್ನು ಅರ್ಧ ಊರಿಗೆ ಹೇಳಿಯಾಗಿತ್ತು. ಕಣ್ಣು ಪರೀಕ್ಷೆಗೆ ಬಂದವರು ಗಲ್ಲವನ್ನು ಯಂತ್ರಕ್ಕೆ ಆನಿಸಿ ಕೂತಿರುವಾಗ ತಪ್ಪಿಸಿಕೊಂಡು ಹೋಗುವ ಹಾಗಿಲ್ಲವಲ್ಲ; ಅವರೆಲ್ಲ ಬುಟ್ಟಿ ಸೈಕಲ್ಲಿನ ಕಥೆ ಕೇಳಿಯೇ ಹೊರಬಿದ್ದರು. ಒಂದು ದಿನ ಔಷಧಿ ಅಂಗಡಿಯಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಅವಳ ಕಾಲುಗಳನ್ನು ದಿಟ್ಟಿಸಿ ನೋಡಿ, ಆ ಕನ್ನಡಕದವರ ಮನೆಯವರು ನೀವೇನಾ ಎಂದು ಕೇಳಿದರು.

ಅತ್ತ ಭಾವನ ಸ್ಥಿತಿ ನೆಟ್ಟಗಿರಲಿಲ್ಲ. ಅಕ್ಕ ಫೋನು ಮಾಡಿ ಗೋಳು ತೋಡಿಕೊಂಡಳು. ಭಾರ ಕಡಿಮೆಯಾಗಲೆಂದು ಅವರು ಸೈಕಲ್ಲಿನಿಂದ ಬೆಲ್ಲು ತೆಗೆದರು, ಮಡ್‌ಗಾರ್ಡ್ ತೆಗೆದರು, ಸ್ಟ್ಯಾಂಡನ್ನೂ ತೆಗೆದರು. ಈಗ ಸೈಕಲ್ಲನ್ನು ಎಲ್ಲಿ ನಿಲ್ಲಿಸಿದರೂ ಬೀಳುತ್ತದೆ. ಬೇಯಿಸಿದ ತರಕಾರಿ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಕೆಂಪು ದೀಪ ಬಿದ್ದಾಗ ನಿಂತರೆ ಸರಾಸರಿ ಇಳಿಯುತ್ತದೆಂದು ಚೌಕದಲ್ಲಿ ಸುತ್ತು ಹೊಡೆಯುತ್ತಿರುತ್ತಾರೆ. ಅವರದೇ ಸ್ಕೂಲಿನ ಕಾರಿನಲ್ಲಿ ಕಲಿಯುತ್ತಿದ್ದ ಹುಡುಗಿ ಅದನ್ನು ನೋಡಿ ಗಾಬರಿಯಾಗಿ ಗಾಡಿ ಆಫ್ ಮಾಡಿಬಿಟ್ಟಳಂತೆ. ಕೊನೆಗೆ ಅಕ್ಕ ದನಿ ತಗ್ಗಿಸಿ, ನಿನ್ನ ಯಜಮಾನರ ಕಾಲಿಗೆ ಏನು ಹಚ್ಚುತ್ತೀಯೆ ಪುಟ್ಟಿ, ನನಗಾದರೂ ಹೇಳು ಎಂದಳು. ಅಕ್ಕ ಹುಟ್ಟಿದ ಮೇಲೆ ಪುಟ್ಟಿಯನ್ನು ಒಂದು ಸಲಹೆ ಕೇಳಿದ್ದು ಅದೇ ಮೊದಲು. ಪುಟ್ಟಿ ಏನೂ ಹಚ್ಚುವುದಿಲ್ಲ ಎಂದಳು. ಅಕ್ಕ ನಂಬಲಿಲ್ಲ, ಬೇಡ ಬಿಡು, ಹೇಳಬೇಡ ಎಂದು ಫೋನಿಟ್ಟಳು.

ಸೈಕಲ್ ಬಳಗದವರು ವರ್ಷಕ್ಕೊಮ್ಮೆ ಊರಾಚೆಯ ಅಣೆಕಟ್ಟಿನ ತನಕ ಸವಾರಿ ಹೋಗುತ್ತಿದ್ದರು. ಬಳಗದ ಮುಖ್ಯಸ್ಥೆ ಒಬ್ಬ ಪಶುವೈದ್ಯೆ. ಅಗಲವಾದ ಭುಜ, ನಿಧಾನದ ಮಾತು, ಹಸುವಿಗೂ ಮನುಷ್ಯನಿಗೂ ಒಂದೇ ದನಿ. ಸರಾಸರಿ ನೋಡಿಕೊಂಡು ಅವರು ಜನರನ್ನು ಮೂರು ಗುಂಪು ಮಾಡಿದ್ದರು: ಹದಿನಾರರ ಗುಂಪು, ಇಪ್ಪತ್ತರ ಗುಂಪು, ಇಪ್ಪತ್ತೈದರ ಗುಂಪು. ಕನ್ನಡಕದವನು ತನ್ನ ಹೆಸರಿನ ಜೊತೆಗೆ ಹೆಂಡತಿಯದನ್ನೂ ಇಪ್ಪತ್ತೈದಕ್ಕೆ ಬರೆಸಿ ಬಂದ. ಬುಟ್ಟಿ ತೆಗೆಸುತ್ತೀರಾ ಎಂದು ಪಶುವೈದ್ಯೆ ಕೇಳಿದ್ದಕ್ಕೆ, ಬುಟ್ಟಿ ಇದ್ದರೂ ಅವಳಿಗೇನೂ ತೊಂದರೆಯಿಲ್ಲ ಎಂದನಂತೆ.

ಇದನ್ನು ಕೇಳಿದ ಮೇಲೂ ಪುಟ್ಟಿ ಇವತ್ತು ನಾಳೆ ಎಂದು ದಿನ ತಳ್ಳಿದಳು. ಹೊರಡುವ ದಿನ ಬೆಳಿಗ್ಗೆ ಅವನು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಅವಳ ಗಾಲಿಗೆ ಗಾಳಿ ಹೊಡೆಯುತ್ತಿದ್ದಾಗ ಇನ್ನು ತಡೆಯಲಾರೆ ಎಂದು ಹೇಳಿಯೇಬಿಟ್ಟಳು: ನಮ್ಮದು ಇಪ್ಪತ್ತೈದಲ್ಲ, ನಮ್ಮ ವೇಗ ಅಷ್ಟಿಲ್ಲ, ಹದಿನಾರರವರ ಜೊತೆ ಹೋಗೋಣ. ಅವನು ಪಂಪು ಕೆಳಗಿಟ್ಟು ಎದ್ದು ನಿಂತ. ಅವಳ ತೋಳು ಹಿಡಿದುಕೊಂಡ. ನಿನ್ನ ಶಕ್ತಿ ನಿನಗೇ ಗೊತ್ತಿಲ್ಲ, ಯಾವಾಗಲೂ ಹೀಗೇ ಹಿಂದೆ ಹಿಂದೆ ಸರಿಯುತ್ತೀಯ, ಧೈರ್ಯವಾಗಿರು ಎಂದ. ಅವನ ಕಣ್ಣಲ್ಲಿ ಸ್ವಲ್ಪ ನೀರೂ ಬಂದಂತಿತ್ತು. ಅದರ ಮುಂದೆ ಎರಡು ಸಾವಿರದ ನೂರ ಐದು ಎಂದು ಹೇಳಲು ಯಾವ ಹೆಂಗಸಿನ ಬಾಯಿಗಾದರೂ ಬಂದೀತೇ?

ಮೊದಲು ಇಪ್ಪತ್ತೈದರ ಗುಂಪು ಹೊರಟಿತು. ಬೆನ್ನು ಬಾಗಿಸಿಕೊಂಡ ಎಂಟೋ ಹತ್ತೋ ಜನ, ಎಲ್ಲರದೂ ಒಣಗಿದ ಕಟ್ಟಿಗೆಯಂಥ ಮೈ. ಅವರ ಹಿಂದೆ ಹೊಟ್ಟೆಯ ಕನ್ನಡಕದವನು, ಅವನ ಪಕ್ಕ ಬುಟ್ಟಿಯ ಪುಟ್ಟಿ. ಪೆಟ್ರೋಲ್ ಬಂಕಿನ ತಿರುವಿನ ತನಕ ಗುಂಪು ಕಣ್ಣಿಗೆ ಕಾಣುತ್ತಿತ್ತು. ತಿರುವು ದಾಟಿದ ಮೇಲೆ ರಸ್ತೆಯಲ್ಲಿ ಇದ್ದದ್ದು ಇವರಿಬ್ಬರು ಮತ್ತು ಒಂದು ನಾಯಿ.

ಕನ್ನಡಕದವನು ಮೀಟರು ನೋಡಿದ. ಇಪ್ಪತ್ತೈದೂವರೆ ಇತ್ತು. ರಸ್ತೆ ನೋಡಿದ. ಖಾಲಿ ಇತ್ತು. ಮೀಟರು ಸುಳ್ಳಿರಬಹುದೇ ಎಂಬ ಯೋಚನೆ ಅವನ ತಲೆಗೆ ಬರುವುದೆಂದು ಪುಟ್ಟಿ ಕಾದಳು. ಬಂದದ್ದು ಬೇರೆ ಯೋಚನೆ.

"ಮೋಸ ಇದು," ಎಂದ ಅವನು. "ಇಪ್ಪತ್ತೈದು ಅಂತ ಹೇಳಿ ನಲವತ್ತರ ಹತ್ತಿರ ಹೋಗ್ತಿದ್ದಾರೆ. ಹೇಳಿದ ಮಾತಿಗೆ ನಡ್ಕೊಂಡಿರೋದು ನಾವಿಬ್ಬರೇ."

ಅವರು ಹೇಗೆ ಬೇಕಾದರೂ ಹೋಗಲಿ, ನಾವು ನಿಯಮ ಮುರಿಯುವುದು ಬೇಡ ಎಂದು ಅವನು ನಿರ್ಧರಿಸಿದ. ಹಾಗೆ ನಿಯಮಬದ್ಧವಾಗಿ, ಮುಖದ ಬೆವರು ಒರೆಸಿಕೊಳ್ಳುತ್ತ ಹೋಗುತ್ತಿರುವಾಗ ಹಿಂದಿನಿಂದ ಗಾಲಿಗಳ ಸದ್ದು ಬಂತು. ಇಪ್ಪತ್ತರ ಗುಂಪು. ಅವರೂ ಒಬ್ಬೊಬ್ಬರಾಗಿ ದಾಟಿಕೊಂಡು ಮುಂದೆ ಹೋದರು. ಕೊನೆಗೆ ಬಂದವನು ಭಾವ. ಇಷ್ಟು ದಿನ ಬೇಯಿಸಿದ ತರಕಾರಿ ತಿಂದು ಕೆನ್ನೆ ಒಳಗೆ ಹೋಗಿತ್ತು. ಷಡ್ಡಕನನ್ನು ನೋಡಿ ಅವನು ಹಿಗ್ಗಲಿಲ್ಲ. ಅದನ್ನು ಪುಟ್ಟಿ ಆಮೇಲೂ ಅವನ ಪರವಾಗಿ ಹೇಳುತ್ತಿದ್ದಳು. ಪಂಕ್ಚರ್ ಆಯಿತೇ, ಮೈ ಹುಷಾರಿಲ್ಲವೇ ಎಂದು ಕೇಳಿ ತನ್ನ ಗುಂಪನ್ನು ಬಿಟ್ಟು ಇವರ ಜೊತೆಗೆ ನಿಧಾನ ಮಾಡಿದ.

ಕನ್ನಡಕದವನು ನೀವೆಲ್ಲ ಮೂವತ್ತರಲ್ಲಿ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದ. ಮೂವತ್ತು ಎಲ್ಲಿಂದ ಬಂತು, ಇಪ್ಪತ್ತೊಂದಕ್ಕೇ ನಾಲಿಗೆ ಹೊರಗೆ ಬಿದ್ದಿದೆ ಎಂದ ಭಾವ. ಇಬ್ಬರೂ ಅಕ್ಕಪಕ್ಕ ಹೋಗುತ್ತ ತಂತಮ್ಮ ಮೀಟರು ಓದಿದರು. ಒಬ್ಬನದು ಇಪ್ಪತ್ತೈದು. ಇನ್ನೊಬ್ಬನದು ಹದಿನೇಳು. ಎರಡು ಸೈಕಲ್ಲಿನ ಹ್ಯಾಂಡಲ್‌ಗಳ ನಡುವೆ ಒಂದು ಅಡಿ ಜಾಗವೂ ಇರಲಿಲ್ಲ.

ಸರಿ, ಮುಗಿಯಿತು ಎಂದುಕೊಂಡಳು ಪುಟ್ಟಿ. ಆದರೆ ಭಾವನ ಮುಖದಲ್ಲಿ ಮೆಲ್ಲಗೆ ಬೆಳಕು ಮೂಡತೊಡಗಿತು.

"ಹಾಗಾದ್ರೆ ನನ್ನ ಮೀಟರೇ ಕೆಟ್ಟಿದೆ," ಎಂದ ಭಾವ. "ಇಷ್ಟು ವರ್ಷ ಕಡಿಮೆ ತೋರಿಸ್ತಾ ಇತ್ತು ನೋಡಿ. ನಾನು ಮೂವತ್ತರಲ್ಲಿ ಹೋಗೋನು."

ಕನ್ನಡಕದವನು ಅವನ ಕೈ ಕುಲುಕಿದ. ಸೈಕಲ್ಲಿನ ಮೇಲಿದ್ದುಕೊಂಡೇ ಕುಲುಕಿದ್ದರಿಂದ ಇಬ್ಬರೂ ಒಮ್ಮೆ ವಾಲಾಡಿದರು. ಷಡ್ಡಕರಿಬ್ಬರೂ ಇಷ್ಟು ವರ್ಷಗಳಲ್ಲಿ ಒಬ್ಬರನ್ನೊಬ್ಬರು ಹೊಗಳಿದ್ದೇ ಇಲ್ಲ. ಈಗ ಹೊಗಳುವುದಕ್ಕೆ ಕೂತರೆ ನಿಲ್ಲಿಸುವವರೇ ಇಲ್ಲ. ಭಾವ ಮುಂದಿನ ಸಲ ತಾನೂ ಇಪ್ಪತ್ತೈದರ ಗುಂಪಿಗೆ ಸೇರುತ್ತೇನೆಂದ, ಕನ್ನಡಕದವನು ಮುಖ್ಯಸ್ಥೆಗೆ ತಾನೇ ಹೇಳುತ್ತೇನೆಂದ. ಇವರನ್ನು ಹೀಗೇ ಬಿಟ್ಟರೆ ಸಂಜೆಯೊಳಗೆ ರೈಲಿನ ಜೊತೆ ಪಂದ್ಯ ಕಟ್ಟುತ್ತಾರೆ ಎಂದು ಪುಟ್ಟಿಗೆ ಖಾತ್ರಿಯಾಯಿತು. ಅವಳು ಬ್ರೇಕ್ ಹಿಡಿದು ನಿಂತಳು. ಅವಳು ನಿಂತಳೆಂದು ಅವರೂ ನಿಂತರು. ರಸ್ತೆಯ ಪಕ್ಕ ಒಂದು ಮೋರಿಯ ಕಟ್ಟೆ ಇತ್ತು. ಇಬ್ಬರನ್ನೂ ಅದರ ಮೇಲೆ ಕೂರಿಸಿ, ಮುಂದಿನ ಹಲ್ಲು ಕೀಳಬೇಕಾಗುತ್ತದೆ ಎಂದು ವೈದ್ಯರು ಹೇಳುವ ಹಾಗೆ, ಸುತ್ತುಬಳಸದೆ ಹೇಳಿದಳು. ಎರಡನ್ನು ಮೂರೆಂದು ಓದಿದ್ದು. ಭಾವನ ಮೀಟರು ಸರಿಯಾಗಿಯೇ ಇರುವುದು. ಹದಿನೇಳು.

ಮೊದಲು ಬಾಯಿ ಬಿಟ್ಟವನು ಭಾವ. ಅವನಿಗೆ ಮೂವತ್ತು ಸಿಕ್ಕಿ ಇನ್ನೂ ಹತ್ತು ನಿಮಿಷವೂ ಆಗಿರಲಿಲ್ಲ. ಇಬ್ಬರ ಮೀಟರಿನ ನಡುವಿನದೊಂದು ಅಂಕಿಯನ್ನು ಒಪ್ಪಿಕೊಳ್ಳಬಹುದಲ್ಲ ಎಂದು ಸಣ್ಣ ದನಿಯಲ್ಲಿ ಕೇಳಿದ. ಆಮೇಲೆ ಹೋಗಿ ತನ್ನ ಸೈಕಲ್ಲನ್ನು ಎತ್ತಿಕೊಂಡ. ಸ್ಟ್ಯಾಂಡ್ ಇಲ್ಲದ್ದರಿಂದ ಅದು ಅಷ್ಟರಲ್ಲಿ ಮೋರಿಯೊಳಕ್ಕೆ ಜಾರಿತ್ತು.

ಕನ್ನಡಕದವನು ಮೀಟರನ್ನು ಹ್ಯಾಂಡಲಿನಿಂದ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದ. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದ. ಗಡಿಯಾರ ಸರಿಮಾಡಿದ ದಿನ ಎಂದಳು. ಅವನು ತಲೆಯಾಡಿಸಿದ. ಅಂಗಡಿಗೆ ಬಂದವರ ಮುಖಗಳೆಲ್ಲ ಒಂದೊಂದಾಗಿ ಅವನ ಕಣ್ಣೆದುರು ಹಾದುಹೋಗುತ್ತಿದ್ದುದು ಅವಳಿಗೂ ಕಂಡ ಹಾಗಾಯಿತು.

"ಊರವರ ಮುಂದೆ ನನ್ನ ಕುಣಿಯೋಕೆ ಬಿಟ್ಟು ನೀನು ನೋಡ್ತಾ ಇದ್ದೆ."

"ಹೇಳೋಣ ಅಂತ್ಲೇ ಬಂದಿದ್ದೆ ಕಣ್ರೀ," ಎಂದಳು ಪುಟ್ಟಿ. "ಅವತ್ತು ನೀವು ನನ್ನ ಬಗ್ಗೆ ಮಾತಾಡಿದ್ರಿ. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ನೀವು ಹಾಗೆ ಅಂದಿರಲಿಲ್ಲ. ಇನ್ನೊಂದೆರಡು ದಿನ ಕೇಳೋಣ ಅನ್ನಿಸ್ತು. ಅಷ್ಟೇ."

ಭಾವ ಹಳ್ಳದ ಕಡೆ ತಿರುಗಿ ಅಲ್ಲಿಲ್ಲದ ಹಕ್ಕಿಯೊಂದನ್ನು ನೋಡತೊಡಗಿದ.

ಅಷ್ಟರಲ್ಲಿ ಹದಿನಾರರ ಗುಂಪು ಬಂತು. ಮೂವತ್ತಕ್ಕೂ ಹೆಚ್ಚು ಜನ, ರಸ್ತೆ ತುಂಬ, ಸಂತೆಯ ಹಾಗೆ ಮಾತು. ಯಾರೋ ಬಿಸ್ಕತ್ತು ತಿನ್ನುತ್ತಿದ್ದರು, ಯಾರೋ ಫೋನಿನಲ್ಲಿ ಮನೆಯವರಿಗೆ ಕುಕ್ಕರ್ ಆರಿಸಲು ಹೇಳುತ್ತಿದ್ದರು. ಎಲ್ಲರ ಹಿಂದೆ ಪಶುವೈದ್ಯೆ. ಅವರು ಕಾಲೂರಿ ನಿಂತು ವಿಷಯ ಕೇಳಿಕೊಂಡರು. ನಗಲಿಲ್ಲ. ಹದಿನೇಳು ಅಂದರೆ ಕಡಿಮೆ ಅಲ್ಲ, ಬಳಗದಲ್ಲಿ ಮುಕ್ಕಾಲು ಪಾಲು ಜನ ಅದರ ಆಸುಪಾಸೇ ಎಂದರು. ಆಮೇಲೆ ಜೇಬಿನಿಂದ ತಮ್ಮ ಓದುವ ಕನ್ನಡಕ ತೆಗೆದು ಅವನ ಮುಂದೆ ಹಿಡಿದರು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಫ್ರೇಮು ತನ್ನ ಅಂಗಡಿಯದೇ ಎಂದು ಗುರುತು ಹಿಡಿದ. ಕೊನೆಗೆ ಮೂಗಿನ ಮೇಲೆ ಏರಿಸಿ, ಅಂಕಿಯನ್ನು ತಾನೇ ತಿದ್ದಿದ. ಈ ಡಬ್ಬಿಯ ಮೇಲೆ ಇಷ್ಟೊಂದು ಅಕ್ಷರ ಇದೆಯೆಂದು ಗೊತ್ತೇ ಇರಲಿಲ್ಲ ಎಂದ.

ತಾನು ಇವರ ಜೊತೆ ಬರುತ್ತೇನೆ ಎಂದು ಎದ್ದ. ಪುಟ್ಟಿಯೂ ಸೈಕಲ್ಲಿಗೆ ಕೈಹಾಕಿದಾಗ ತಡೆದ. ನೀನು ಭಾವನ ಜೊತೆ ಹೋಗು, ಆಗುತ್ತದೋ ಇಲ್ಲವೋ ನೋಡು ಎಂದ. ಅದು ಮುನಿಸಿನ ಮಾತೋ, ತನ್ನನ್ನು ಮುಂದೆ ಹೋಗಲು ಬಿಡುವ ಮಾತೋ ಅವಳಿಗೆ ತಿಳಿಯಲಿಲ್ಲ. ಮುನಿಸು ಎಂದೇ ಎಣಿಸಿ ಅವಳಿಗೂ ರೇಗಿತು. ಸರಿ, ಹಾಗೇ ಆಗಲಿ ಎಂದು ಹೊರಟಳು.

ಭಾವ ತನ್ನ ಗುಂಪನ್ನು ಹಿಡಿಯಬೇಕಿತ್ತು, ಅದಕ್ಕೆ ಜೋರಾಗಿ ತುಳಿದ. ಅವಳೂ ತುಳಿದಳು. ಇಷ್ಟು ವರ್ಷ ಅವಳು ಒಬ್ಬಳೇ ಹೋದರೆ ಬುಟ್ಟಿಯಲ್ಲಿರುವ ಪ್ಲಾಸ್ಟರಿನ ಅಚ್ಚು ಒಡೆಯದ ಹಾಗೆ ಹೋಗುತ್ತಿದ್ದಳು, ಗಂಡನ ಜೊತೆ ಹೋದರೆ ಮಾತು ಕೇಳಿಸುವ ಹಾಗೆ ಹೋಗುತ್ತಿದ್ದಳು. ಇವತ್ತು ಬುಟ್ಟಿಯಲ್ಲಿ ಎರಡು ಬಾಳೆಹಣ್ಣು ಇದ್ದವಷ್ಟೇ, ಒಡೆಯುವಂಥದ್ದೇನೂ ಇರಲಿಲ್ಲ, ಮಾತಾಡುವ ಮನಸ್ಸೂ ಇರಲಿಲ್ಲ. ಸಿಟ್ಟು ಮೊದಲ ಏರಿನ ತನಕ ಇತ್ತು. ಆಮೇಲೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಾಲು ತಾನಾಗಿ ತಿರುಗುತ್ತಿತ್ತು, ಕಿವಿಯಲ್ಲಿ ಗಾಳಿ ಗುಂಯ್ಗುಡುತ್ತಿತ್ತು, ಭಾವನ ಬೆನ್ನು ಹತ್ತಿರ ಹತ್ತಿರ ಬರುತ್ತಿತ್ತು. ಅವನು ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ ತಿರುಗಿ ನೋಡುವಾಗ ಅವಳು ಪಕ್ಕದಲ್ಲಿದ್ದಳು. ಸ್ವಲ್ಪ ನಿಧಾನ ಪುಟ್ಟಿ ಎಂದ ಭಾವ. ಆ ಮಾತನ್ನು ಅವನು ಯಾವ ಕಷ್ಟದಲ್ಲಿ ಹೇಳಿದನೋ, ಅವಳಿಗೆ ಪಾಪ ಅನ್ನಿಸಿ ನಿಧಾನ ಮಾಡಿದಳು.

ಅಣೆಕಟ್ಟಿನ ಮೇಲೆ ಗಾಳಿ ಜೋರಾಗಿತ್ತು. ಅವಳು ಗೋಡೆಗೆ ಸೈಕಲ್ಲು ಆನಿಸಿ, ಒಂದು ಬಾಳೆಹಣ್ಣನ್ನು ಭಾವನಿಗೆ ಕೊಟ್ಟು, ಬಂದ ದಾರಿಯನ್ನೇ ನೋಡುತ್ತ ಕೂತಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿ ಕೆಡಿಸಿ ಮಾಡಿದಳು. ಬಹಳ ಹೊತ್ತಾದ ಮೇಲೆ ಹದಿನಾರರ ಗುಂಪಿನ ಗದ್ದಲ ಕೇಳಿಸಿತು. ಎಲ್ಲರಿಗಿಂತ ಮುಂದೆ, ಹೊಟ್ಟೆಯನ್ನು ಹ್ಯಾಂಡಲಿಗೆ ಒತ್ತಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬರುತ್ತಿದ್ದವನು ಅವಳ ಗಂಡನೇ.

ಇಳಿದವನ ಮುಖದಲ್ಲಿ ಮೋಡ ಇರಲಿಲ್ಲ. ಆ ಗುಂಪಿನಲ್ಲಿ ತಾನೇ ಮೊದಲು ಎಂದ. ಹದಿನೇಳು ಪಾಯಿಂಟ್ ಎರಡು ಎಂದು, ಈ ಸಲ ಮೀಟರನ್ನು ಅವಳ ಕಣ್ಣಿನ ಹತ್ತಿರ ಹಿಡಿದು ತೋರಿಸಿದ. ದಾರಿಯಲ್ಲಿ ಎಲ್ಲರಿಗೂ ಎರಡನ್ನು ಮೂರೆಂದು ಓದಿದ ಕಥೆಯನ್ನು ತಾನೇ ಹೇಳಿದನಂತೆ. ಬಿದ್ದು ಬಿದ್ದು ನಕ್ಕರಂತೆ. ಅವರಲ್ಲಿ ಐದಾರು ಜನ ಫೋನನ್ನು ತೋಳುದ್ದ ಹಿಡಿದು ಓದುವುದನ್ನು ಗಮನಿಸಿ ಅಂಗಡಿಗೆ ಬರಲು ಹೇಳಿಯೂ ಆಗಿತ್ತು. ಇಷ್ಟೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿ, ನೀರು ಕುಡಿದು, ಬೇರೆ ಕಡೆ ನೋಡುತ್ತ ಕೇಳಿದ:

"ನಿಂದೆಷ್ಟು ಬಂತು?"

ಅವಳ ಹತ್ತಿರ ಮೀಟರು ಇರಲಿಲ್ಲ. ಅವಳು ಭಾವನ ಕಡೆ ನೋಡಿದಳು. ಭಾವ ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಚಿ, ಮತ್ತೆ ಮಡಿಚಿ, ಕೊನೆಗೆ ತಡೆಯಲಾರದೆ, ಮೋರಿಯಿಂದ ಇಲ್ಲಿಗೆ ಇಪ್ಪತ್ತೆರಡೂವರೆ ಎಂದ. ನಡುವೆ ನಿಧಾನ ಮಾಡದಿದ್ದರೆ ಇನ್ನೂ ಬರುತ್ತಿತ್ತು ಎಂಬುದನ್ನೂ ಸೇರಿಸಿದ. ಅಷ್ಟು ಪ್ರಾಮಾಣಿಕತೆ ಅವನಲ್ಲಿದೆ ಎಂದು ಪುಟ್ಟಿಗೆ ಗೊತ್ತಿರಲಿಲ್ಲ.

ಕನ್ನಡಕದವನು ಹೆಂಡತಿಯನ್ನು ನೋಡಿದ, ತಂತಿಯ ಬುಟ್ಟಿಯನ್ನು ನೋಡಿದ. ಆಮೇಲೆ ಆಗತಾನೇ ಬಂದು ಇಳಿಯುತ್ತಿದ್ದ ಪಶುವೈದ್ಯೆಯ ಕಡೆ ತಿರುಗಿ, ಅಣೆಕಟ್ಟಿನ ಆಚೆ ದಡಕ್ಕೂ ಕೇಳುವ ಹಾಗೆ, ನಾನು ಮೊದಲೇ ಹೇಳಿರಲಿಲ್ಲವೇ ಮೇಡಂ ಎಂದ.

ವಾಪಸು ಹೊರಡುವಾಗ ಇಪ್ಪತ್ತರ ಗುಂಪಿನವರು ಪುಟ್ಟಿಯನ್ನು ಕರೆದರು. ಅವಳು ಹೋಗಲೋ ಬೇಡವೋ ಎಂದು ನಿಂತಿದ್ದಾಗ ಗಂಡ ಅವಳ ಗಾಲಿಯ ಗಾಳಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಮನೆಯ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟ. ನೀನು ಮೊದಲು ಮುಟ್ಟುತ್ತೀಯಲ್ಲ, ಬಿಸಿನೀರಿನ ಸ್ವಿಚ್ಚು ಹಾಕಿರು ಎಂದ.